ಕೈ ಕಸೂತಿಗೆ ಆನ್‌ಲೈನ್ ಅಂಗಡಿ ಹಾಕಬೇಕು: ಎಲ್ಲಿ ಮಾರಲಿ, ಎಷ್ಟಕ್ಕೆ ಮಾರಲಿ?

ಧಾರವಾಡದ ಸೂಜಿ

ನಮಸ್ಕಾರ ರೀ ಎಲ್ಲರಿಗೂ. ನಾನು ಮತ್ತು ನಮ್ಮ ಓಣಿಯ ನಾಲ್ಕು ಹೆಣ್ಣುಮಕ್ಕಳು ಸೇರಿ ಕಸೂತಿ ಹಾಕುತ್ತೇವೆ. ಇಳಕಲ್ ಸೀರೆ, ಬ್ಲೌಸ್ ಪೀಸ್, ದುಪಟ್ಟಾ, ಕುಶನ್ ಕವರ್. ಎಲ್ಲಾ ಕೈಯಿಂದ, ಎಳೆ ಎಣಿಸಿ. ಇಷ್ಟು ದಿನ ಒಬ್ಬ ವ್ಯಾಪಾರಿಗೆ ಕೊಡುತ್ತಿದ್ದೆವು. ಅವರೇ ಬಟ್ಟೆ ಕೊಟ್ಟು ಅವರೇ ಒಯ್ಯುತ್ತಿದ್ದರು, ನಮಗೆ ಮಜೂರಿ ಮಾತ್ರ. ಮೊನ್ನೆ ನಮ್ಮ ಕೈಯಿಂದಲೇ ಹೋದ ಒಂದು ಸೀರೆಗೆ ಬೆಂಗಳೂರಿನ ಪ್ರದರ್ಶನದಲ್ಲಿ ಅಂಟಿಸಿದ್ದ ಬೆಲೆಯ ಚೀಟಿಯನ್ನು ನೆಂಟರೊಬ್ಬರು ಫೋಟೊ ತೆಗೆದು ಕಳಿಸಿದರು. ನೋಡಿದ ಮೇಲೆ ನಾವೇ ಮಾರೋಣ ಅಂತ ತೀರ್ಮಾನ ಆಯಿತು.

ಈಗ ಪ್ರಶ್ನೆಗಳು. ದೊಡ್ಡ ಮಾರಾಟ ತಾಣಗಳಿಗೆ ಹೋಗಬೇಕಾ, ಇನ್‌ಸ್ಟಾಗ್ರಾಂ ಸಾಕಾ, ಸ್ವಂತ ವೆಬ್‌ಸೈಟ್ ಬೇಕಾ? ಜಿಎಸ್‌ಟಿ ಇಲ್ಲದೆ ಒಂದು ಕರ್ಚೀಫೂ ಮಾರುವಂತಿಲ್ಲ ಅಂತ ಒಬ್ಬರು ಹೇಳುತ್ತಾರೆ, ಏನೂ ಬೇಡ ಅಂತ ಇನ್ನೊಬ್ಬರು. ಮೆಷಿನ್ ಕಸೂತಿ ಹಾಕಿದ ಬ್ಲೌಸ್ ಪೀಸ್ ಪೇಟೆಯಲ್ಲಿ ಅಗ್ಗಕ್ಕೆ ಸಿಗುವಾಗ ನಮ್ಮದನ್ನು ಯಾರು ಕೊಳ್ಳುತ್ತಾರೆ ಅನ್ನುವುದೇ ದೊಡ್ಡ ಚಿಂತೆ. ಅನುಭವ ಇದ್ದವರು ಬಿಡಿಸಿ ಹೇಳಿ.

ಅರಗುಬಣ್ಣ

ಅಕ್ಕಾ, ನಾನು ಚನ್ನಪಟ್ಟಣದವನು. ಗೊಂಬೆ ಮತ್ತು ಮಕ್ಕಳ ಮರದ ಆಟಿಕೆ ಮಾರುತ್ತೇನೆ, ಆನ್‌ಲೈನ್‌ನಲ್ಲೇ ಜಾಸ್ತಿ. ನೇರವಾಗಿ ಹೇಳುತ್ತೇನೆ, ನನ್ನ ದಾರಿ ನಿಮಗೆ ಆಗಿಬರುವುದಿಲ್ಲ. ನನ್ನದು ಹಾಲೆ ಮರ ಕಡೆದು ಅರಗು ಹಾಕಿ ಮಾಡುವ ಸಾಮಾನು. ಒಂದೇ ತರಹದ ಬುಗುರಿ, ಗಿಲಕಿ ಎಷ್ಟು ಬೇಕಾದರೂ ಕಡೆಯಬಹುದು. ಒಂದು ಸಲ ಫೋಟೊ ತೆಗೆದು ತಾಣಕ್ಕೆ ಹಾಕಿದರೆ ವರ್ಷಗಟ್ಟಲೆ ಅದೇ ಫೋಟೊದಲ್ಲಿ ಮಾರಾಟ ಆಗುತ್ತದೆ. ಸ್ಟಾಕ್ ಮುಗಿದರೆ ಮತ್ತೆ ಮಾಡಿ ಇಡುತ್ತೇವೆ.

ನಿಮ್ಮದು ಹಾಗಲ್ಲ. ಒಂದು ಸೀರೆ ಹೋಯಿತು ಅಂದರೆ ಅದು ಹೋಯಿತು. ಇನ್ನೊಂದಕ್ಕೆ ಹೊಸ ಫೋಟೊ, ಹೊಸ ವಿವರ. ತಾಣದಲ್ಲಿ ಆರ್ಡರ್ ಬಂದರೆ ಒಂದೆರಡು ದಿನದಲ್ಲಿ ಕಳಿಸಲೇಬೇಕು, ತಡವಾದರೆ ದಂಡ, ರೇಟಿಂಗ್ ಇಳಿಯುತ್ತದೆ. ಕೈ ಕಸೂತಿಗೆ ಆ ಓಟ ಎಲ್ಲಿ ಸಾಧ್ಯ? ಕಮಿಷನ್, ಕಳಿಸುವ ಖರ್ಚು, ವಾಪಸ್ ಬಂದ ಮಾಲಿನ ಖರ್ಚು ಎಲ್ಲ ಕಳೆದರೆ ನಿಮಗೆ ಈಗ ಸಿಗುವ ಮಜೂರಿಯೇ ಉಳಿಯಬಹುದು. ವಾಟ್ಸಾಪ್ ಬಿಸಿನೆಸ್ ಮತ್ತು ಇನ್‌ಸ್ಟಾಗ್ರಾಂ ಎರಡರಲ್ಲೇ ಶುರು ಮಾಡಿ. ಖರ್ಚಿಲ್ಲ.

ನಿದ್ದೆಗೆಟ್ಟವ

ಇನ್‌ಸ್ಟಾಗ್ರಾಂನಲ್ಲಿ "ಹ್ಯಾಂಡ್‌ಮೇಡ್" ಅಂತ ಹುಡುಕಿದರೆ ಬೀದಿಗೊಂದು ಅಂಗಡಿ. ಎಲ್ಲರೂ ರೀಲ್ಸ್ ಹಾಕುತ್ತಾರೆ, ಎಲ್ಲರೂ ಲೈಕ್ ಒತ್ತುತ್ತಾರೆ, ಕೊಳ್ಳುವವರು ಯಾರೂ ಇಲ್ಲ. ಬೆಲೆ ಕೇಳಿ ಮಾಯವಾಗುವವರೇ ಜಾಸ್ತಿ. ಸುಮ್ನೆ ಆಸೆ ಹುಟ್ಟಿಸಬೇಡಿ.

ಮಲ್ಲೇಶ್ವರದ ಗಿರಾಕಿ

ನಾನು ಕೊಳ್ಳುವವಳು, ಮಾರುವವಳಲ್ಲ. ಬೆಲೆ ಕೇಳಿ ಮಾಯವಾಗುವವರಲ್ಲಿ ನಾನೂ ಒಬ್ಬಳು ಸಾರ್. ಯಾಕೆ ಗೊತ್ತಾ? ಫೋಟೊ ಕೆಳಗೆ ಬೆಲೆ ಬರೆಯದೆ "ಡಿಎಂ ಮಾಡಿ" ಅನ್ನುತ್ತಾರೆ. ನಾಲ್ಕು ಅಂಗಡಿಗೆ ಕೇಳಿ, ಉತ್ತರಕ್ಕೆ ಕಾದು, ಆಮೇಲೆ ಬೇಡ ಅನ್ನಲು ಸಂಕೋಚ. ಬೆಲೆ ಬರೆದುಬಿಡಿ. ಹೆದರಿ ಓಡುವವರು ಹೇಗೂ ಓಡುತ್ತಾರೆ. ಉಳಿದವರು ಕೊಳ್ಳಲು ಬಂದವರು.

ಇನ್ನೊಂದು. ಕೈದೋ ಮೆಷಿನ್ನಿನದೋ ಅಂತ ನನಗೆ ಫೋಟೊ ನೋಡಿ ಗೊತ್ತಾಗುವುದಿಲ್ಲ. ದುಡ್ಡು ಕೊಡಲು ತಯಾರಿದ್ದೇನೆ, ಮೋಸ ಹೋಗಲು ತಯಾರಿಲ್ಲ.

ಧಾರವಾಡದ ಸೂಜಿ

ಮೇಡಂ, ಅದಕ್ಕೆ ಸುಲಭದ ಉಪಾಯ ಇದೆ. ಬಟ್ಟೆ ತಿರುಗಿಸಿ ನೋಡಿ. ಗವಂತಿ ಹೊಲಿಗೆಯಲ್ಲಿ ಸೂಜಿ ಒಂದು ಸಲ ಬಿಟ್ಟು ಬಿಟ್ಟು ಹೋಗಿ, ಬರುವಾಗ ಬಿಟ್ಟ ಜಾಗ ತುಂಬಿಕೊಂಡು ಬರುತ್ತದೆ. ಹಾಗಾಗಿ ಮೇಲೆ ಕೆಳಗೆ ಎರಡೂ ಕಡೆ ಒಂದೇ ರೀತಿ ಕಾಣುತ್ತದೆ. ಗಂಟು ಹಾಕುವುದಿಲ್ಲ, ದಾರದ ತುದಿಯನ್ನು ಹೊಲಿಗೆಯಲ್ಲೇ ಸೇರಿಸಿ ಮುಚ್ಚುತ್ತೇವೆ. ಮೆಟ್ಟಿಲಿನ ಹಾಗೆ ಏರುವ ಮುರ್ಗಿಯೂ ಅಷ್ಟೇ. ನೇಗಿ ಮತ್ತು ಮೆಂತಿ ಹೊಲಿಗೆಯಲ್ಲಿ ಮಾತ್ರ ಹಿಂಬದಿ ಬೇರೆ ಇರುತ್ತದೆ. ಮೆಷಿನ್ನಿನದರಲ್ಲಿ ಹಿಂದೆ ಬಾಬಿನ್ ದಾರ ಓಡಿರುತ್ತದೆ, ಸಾಮಾನ್ಯವಾಗಿ ಬಿಳಿದು. ಗಟ್ಟಿ ಪೇಪರ್ ತರಹದ್ದೂ ಅಂಟಿರುತ್ತದೆ, ಕೈಗೆ ಬಿರುಸು ಅನಿಸುತ್ತದೆ.

ಮಲ್ಲೇಶ್ವರದ ಗಿರಾಕಿ

ಅಯ್ಯೋ, ಇದನ್ನೇ ಹಾಕಿ! ಈಗ ಇಲ್ಲಿ ಬರೆದದ್ದನ್ನೇ ಮೂವತ್ತು ಸೆಕೆಂಡಿನ ವಿಡಿಯೊ ಮಾಡಿ. ಬಟ್ಟೆ ತಿರುಗಿಸಿ ತೋರಿಸಿ. ಮ್ಯೂಸಿಕ್ಕೂ ಬೇಡ, ಕುಣಿಯುವುದೂ ಬೇಡ.

ಅರಗುಬಣ್ಣ

ಒಪ್ಪಿದೆ. ನಿಮ್ಮ ಜಾಹೀರಾತು ಪೂರ್ತಿ ಆ ಬಟ್ಟೆಯ ಹಿಂಬದಿಯಲ್ಲಿದೆ ಅಕ್ಕಾ. ಪ್ರತಿ ಮಾಲಿಗೂ ಎರಡು ಫೋಟೊ, ಮುಂದಿನದು, ಹಿಂದಿನದು. ನಾವೂ ಅದನ್ನೇ ಮಾಡುತ್ತೇವೆ, ಬೇರೆ ರೀತಿ. ಚೀನಾ ಆಟಿಕೆಗೂ ನಮ್ಮದಕ್ಕೂ ವ್ಯತ್ಯಾಸ ಹೇಳಿದರೆ ಯಾರೂ ಕೇಳುವುದಿಲ್ಲ. ಕಡೆಯುವ ಯಂತ್ರದ ಮೇಲೆ ಮರ ತಿರುಗುವಾಗ ಅರಗಿನ ಕಡ್ಡಿ ಒತ್ತಿದರೆ ಬಿಸಿಗೆ ಕರಗಿ ಬಣ್ಣ ಹತ್ತುವುದು, ಮೇಲೆ ತಾಳೆಗರಿ ಹಿಡಿದು ಉಜ್ಜಿದರೆ ಹೊಳಪು ಬರುವುದು, ಅದನ್ನು ತೋರಿಸಿದರೆ ಜನ ನಿಂತು ನೋಡುತ್ತಾರೆ. ಹಾಗೆ ನೋಡಿದವರೇ ಆಮೇಲೆ ಕೊಳ್ಳುವುದು. ನಿಮ್ಮದರಲ್ಲಿ ಎಳೆ ಎಣಿಸುವುದನ್ನು ಹತ್ತಿರದಿಂದ ತೋರಿಸಿ. ಪೆನ್ಸಿಲ್ ಗೆರೆ ಇಲ್ಲ, ಅಚ್ಚು ಇಲ್ಲ, ಬರೀ ಎಣಿಕೆಯಲ್ಲಿ ಗೋಪುರದ ಚಿತ್ತಾರ ಎದ್ದು ಬರುತ್ತದೆ ಅಂದರೆ ಎಷ್ಟು ಜನರಿಗೆ ಗೊತ್ತು?

ಇಳಕಲ್ ಮಗ್ಗ

ಫೋಟೊ ವಿಷಯಕ್ಕೆ ನನ್ನದೊಂದು ಮಾತು. ಕಪ್ಪು ಸೀರೆ, ಅದರಲ್ಲೂ ಚಂದ್ರಕಾಳಿ, ಫೋನಿನಲ್ಲಿ ಸರಿಯಾಗಿ ಬರುವುದೇ ಇಲ್ಲ. ಫೋನು ಕಪ್ಪನ್ನು ಕಂಡು ಕತ್ತಲೆ ಅಂದುಕೊಂಡು ಬೆಳಕು ಏರಿಸುತ್ತದೆ, ಸೀರೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಸೀರೆ ಗಿರಾಕಿಯ ಮನೆಗೆ ಹೋದ ಮೇಲೆ "ಫೋಟೊದಲ್ಲಿ ಬೇರೆ ಇತ್ತು" ಅಂತ ವಾಪಸ್. ಪರದೆಯಲ್ಲಿ ಸೀರೆಯ ಮೇಲೆ ಬೆರಳಿಟ್ಟು ಒತ್ತಿ, ಪಕ್ಕದಲ್ಲಿ ಸೂರ್ಯನ ಗುರುತು ಬಂದಾಗ ಕೆಳಕ್ಕೆ ಎಳೆಯಿರಿ. ಕಪ್ಪು ಕಪ್ಪಾಗಿ ಬರುತ್ತದೆ, ದಾರದ ಬಣ್ಣ ಎದ್ದು ಕಾಣುತ್ತದೆ. ಬಿಸಿಲಿಗೆ ಇಡಬೇಡಿ, ಟ್ಯೂಬ್‌ಲೈಟಿನ ಕೆಳಗೂ ಬೇಡ. ಬೆಳಗಿನ ಹೊತ್ತು ಕಿಟಕಿ ಪಕ್ಕ ಸಾಕು. ಫಿಲ್ಟರ್ ಅಂತೂ ಮುಟ್ಟಲೇಬೇಡಿ.

ಮತ್ತೆ ಸೀರೆ ಯಾವ ನೂಲು ಅಂತ ಬರೆಯಿರಿ. ಹತ್ತಿಯಾ, ರೇಷ್ಮೆಯಾ, ಆರ್ಟ್ ಸಿಲ್ಕಾ (ಕೃತಕ ರೇಷ್ಮೆ). ಕೈಮಗ್ಗವಾ, ಪವರ್‌ಲೂಮಾ. ಕಸೂತಿ ಕೈದಾದರೂ ಸೀರೆ ಪವರ್‌ಲೂಮಿನದು ಇರಬಹುದು, ತಪ್ಪೇನಿಲ್ಲ, ಆದರೆ ಮುಚ್ಚಿಡಬಾರದು. ಮಗ್ಗದಲ್ಲಿ ಕೊಂಡಿ ಹಾಕಿ ಸೆರಗು ಜೋಡಿಸುವವರಿಗೆ ಕೈಮಗ್ಗ ಅನ್ನುವ ಆ ಒಂದು ಶಬ್ದದಿಂದ ಅನ್ನ ಸಿಗುತ್ತದೆ.

ಧಾರವಾಡದ ಸೂಜಿ

ನಿಮ್ಮ ಮಾತು ಸರಿ ಅಣ್ಣಾ, ಬರೆಯುತ್ತೇವೆ. ಈಗ ಬೆಲೆ ಹೇಳಿ ಯಾರಾದರೂ. ನಮ್ಮವರು "ಪೇಟೆ ರೇಟಿಗಿಂತ ನೂರು ಕಡಿಮೆ ಇಡೋಣ" ಅನ್ನುತ್ತಿದ್ದಾರೆ.

ಲೆಕ್ಕದಕ್ಕ

ಬೇಡ ಬೇಡ ಬೇಡ. ಪೇಟೆ ರೇಟು ಮೆಷಿನ್ನಿನದು. ಅದರ ಜೊತೆ ಓಡಿದರೆ ನೀವು ಸೋಲುವುದು ಗ್ಯಾರಂಟಿ. ಲೆಕ್ಕ ಮಾಡಿ ತೋರಿಸುತ್ತೇನೆ, ಅಂಕಿ ನಿಮ್ಮದು ಹಾಕಿಕೊಳ್ಳಿ. ಒಂದು ಕುಶನ್ ಕವರ್ ಅಂತ ಹಿಡಿಯೋಣ. ಬಟ್ಟೆ ಮತ್ತು ಜಿಪ್ 150. ದಾರ 60. ಎಂಟು ಗಂಟೆ ಕೆಲಸ, ಗಂಟೆಗೆ 70 ಅಂದರೆ 560. ಟೇಲರ್‌ಗೆ 40. ಪ್ಯಾಕಿಂಗ್ 30. ಕೊರಿಯರ್ 90. ಇಲ್ಲಿಗೇ 930 ಆಯಿತು. ಇದು ಅಸಲು, ಲಾಭ ಅಲ್ಲ. ಇದರ ಮೇಲೆ ಪೇಮೆಂಟ್ ಗೇಟ್‌ವೇ (ಆನ್‌ಲೈನ್‌ನಲ್ಲಿ ಗಿರಾಕಿಯ ದುಡ್ಡು ಪಡೆದುಕೊಡುವ ಸೇವೆ) ಇಟ್ಟುಕೊಂಡರೆ ಸುಮಾರು ಶೇ 2 ಮತ್ತು ಅದರ ಮೇಲೆ ಜಿಎಸ್‌ಟಿ. ಮಾರಾಟವಾಗದೆ ಉಳಿದದ್ದು, ಕಲೆಯಾದದ್ದು, ಫೋನು, ಓಡಾಟ. 1,250ಕ್ಕೆ ಕಡಿಮೆ ಇಟ್ಟರೆ ಕೈಯಿಂದ ಹೋಗುತ್ತದೆ.

ಈ 560 ಇದೆಯಲ್ಲ, ಅದನ್ನೇ ಎಲ್ಲರೂ ಬಿಡುವುದು. "ಮನೆಯಲ್ಲೇ ಕೂತು ಹಾಕಿದ್ದಲ್ವಾ" ಅಂತ. ಮನೆಯಲ್ಲಿ ಕೂತರೂ ಕಣ್ಣು ನಿಮ್ಮದೇ, ಬೆನ್ನು ನಿಮ್ಮದೇ. ವ್ಯಾಪಾರಿ ಇಷ್ಟು ವರ್ಷ ದುಡ್ಡು ಮಾಡಿದ್ದು ಅಲ್ಲೇ.

ನಿದ್ದೆಗೆಟ್ಟವ

1,250 ಕೊಟ್ಟು ಕುಶನ್ ಕವರ್ ಯಾರು ತಗೋತಾರೆ ಅಕ್ಕಾ, ಅದರೊಳಗೆ ದಿಂಬೂ ಇಲ್ಲ!

ಲೆಕ್ಕದಕ್ಕ

ಹತ್ತು ಜನರಲ್ಲಿ ಒಂಬತ್ತು ಜನ ತಗೊಳ್ಳುವುದಿಲ್ಲ. ಇವರಿಗೆ ಬೇಕಿರುವುದು ಆ ಒಬ್ಬರು. ಐದು ಜನ ಕೈಯಲ್ಲಿ ತಿಂಗಳಿಗೆ ಎಷ್ಟು ಪೀಸ್ ಆಗುತ್ತದೆ ಹೇಳಿ? ಅಷ್ಟಕ್ಕೆ ಸಾವಿರಾರು ಗಿರಾಕಿ ಯಾಕೆ? ಅಗ್ಗದ್ದು ಬೇಕು ಅನ್ನುವವರಿಗೆ ಚಿಕ್ಕದು ಮಾಡಿ. ಬುಕ್‌ಮಾರ್ಕ್, ಕೀ ಚೈನ್, ಚಿಕ್ಕ ಪೌಚು, ಕುರ್ತಾಕ್ಕೆ ಹೊಲಿದುಕೊಳ್ಳುವ ಪಟ್ಟಿ. ಅದರ ಮೇಲೆ ಒಂದೇ ಚಿತ್ತಾರ: ತೇರೋ, ತೊಟ್ಟಿಲೋ, ತುಳಸಿಕಟ್ಟೆಯೋ. ಅದು ಮುಗಿದುಹೋಗುವ ಕೆಲಸ, ಹೊಸಬರ ಕೈಗೂ ಕೊಡಬಹುದು. ಅದನ್ನು ಕೊಂಡವರೇ ನಾಳೆ ಸೀರೆ ಕೇಳುವುದು.

ಈಗ ಜಿಎಸ್‌ಟಿ. ಇಬ್ಬರು ಹೇಳಿದ್ದೂ ಅರ್ಧರ್ಧ ಸರಿ. ನಮ್ಮ ರಾಜ್ಯದಲ್ಲಿ ಸಾಮಾನು ಮಾತ್ರ ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ನೋಂದಣಿ ಬೇಡ. ಸಾಮಾನ್ಯ ವ್ಯಾಪಾರಿ ಬೇರೆ ರಾಜ್ಯಕ್ಕೆ ಮಾರಿದರೆ ಮೊದಲ ರೂಪಾಯಿಯಿಂದಲೇ ನೋಂದಣಿ ಬೇಕು. ಆದರೆ ಕರಕುಶಲ ವಸ್ತುಗಳಿಗೆ ಅಲ್ಲೂ ವಿನಾಯಿತಿ ಇದೆ, ಕೈ ಕಸೂತಿ ಆ ಪಟ್ಟಿಯಲ್ಲಿದೆ. ವಹಿವಾಟು 20 ಲಕ್ಷದೊಳಗಿದ್ದರೆ ನೋಂದಣಿ ಇಲ್ಲದೆ ಕಳಿಸಬಹುದು. ಪ್ಯಾನ್ ಇರಬೇಕು. ಒಂದು ಕೊಕ್ಕೆ ಇದೆ: ಹೀಗೆ ಕಳಿಸುವಾಗ ಮಾಲಿನ ಬೆಲೆ ಎಷ್ಟೇ ಇರಲಿ ಇ-ವೇ ಬಿಲ್, ಅಂದರೆ ಮಾಲು ಸಾಗಿಸಲು ಆನ್‌ಲೈನ್‌ನಲ್ಲಿ ತೆಗೆಯುವ ಚೀಟಿ, ಮಾಡಬೇಕು. ಐವತ್ತು ಸಾವಿರ ದಾಟಿದರೆ ಮಾತ್ರ ಅನ್ನುವುದು ಇಲ್ಲಿ ಅನ್ವಯ ಆಗುವುದಿಲ್ಲ. ಇದನ್ನು ಬಹಳ ಜನ ಮಾಡುವುದೇ ಇಲ್ಲ, ಅದು ಬೇರೆ ಮಾತು.

ಇದೆಲ್ಲ ನೀವೇ ನೇರವಾಗಿ ಮಾರುವಾಗ. ದೊಡ್ಡ ತಾಣದ ಮೂಲಕ ಮಾರಿದರೆ ಲೆಕ್ಕ ಬೇರೆ. 2023ರ ಅಕ್ಟೋಬರ್ 1ರಿಂದ ನೋಂದಣಿ ಇಲ್ಲದವರೂ ತಾಣದಲ್ಲಿ ಮಾರಬಹುದು ಅಂತಾಗಿದೆ, ಆದರೆ ಸ್ವಂತ ರಾಜ್ಯದೊಳಗೆ ಮಾತ್ರ. ಅದಕ್ಕೂ ಜಿಎಸ್‌ಟಿ ಪೋರ್ಟಲ್‌ನಲ್ಲಿ ಒಂದು ಎನ್‌ರೋಲ್‌ಮೆಂಟ್ ನಂಬರ್ ತೆಗೆದುಕೊಳ್ಳಬೇಕು. ತಾಣದಿಂದ ಪುಣೆಗೆ ಒಂದು ಪೀಸ್ ಹೋಗಬೇಕೆಂದರೂ ಪೂರ್ತಿ ಜಿಎಸ್‌ಟಿ ನೋಂದಣಿ ಬೇಕೇ ಬೇಕು. ಧಾರವಾಡದವರಿಗೆ ಪುಣೆ, ಮುಂಬೈ ಗಿರಾಕಿ ಬಿಡುವುದಕ್ಕೆ ಆಗುತ್ತದಾ?

ಧಾರವಾಡದ ಸೂಜಿ

ಇದನ್ನು ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ ಅಕ್ಕಾರ. ನಮ್ಮ ಅರ್ಧ ಗಿರಾಕಿ ಮಹಾರಾಷ್ಟ್ರದವರೇ ಆಗಬಹುದು. ಹಾಗಾದರೆ ತಾಣ ಸದ್ಯಕ್ಕೆ ಬೇಡ.

ಸರಕಾರದ್ದು ಏನಾದರೂ ಸಿಗುತ್ತದಾ? ವಿಶ್ವಕರ್ಮ ಯೋಜನೆಗೆ ಅರ್ಜಿ ಹಾಕಿ ಅಂತ ಒಬ್ಬರು ಹೇಳಿದರು.

ಅರಗುಬಣ್ಣ

ಪಿಎಂ ವಿಶ್ವಕರ್ಮದಲ್ಲಿ 18 ಕಸುಬು ಇವೆ. ಗೊಂಬೆ ಮಾಡುವವರು ಇದ್ದಾರೆ, ದರ್ಜಿ ಇದ್ದಾರೆ, ಕಸೂತಿ ಇಲ್ಲ. ಸುಮ್ನೆ ದರ್ಜಿ ಅಂತ ಬರೆಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ನಿಮಗೆ ಬೇಕಿರುವುದು ಪೆಹಚಾನ್ ಕಾರ್ಡು. ಕೇಂದ್ರ ಜವಳಿ ಸಚಿವಾಲಯದ ಕರಕುಶಲ ವಿಭಾಗ ಕೊಡುವ ಕುಶಲಕರ್ಮಿ ಗುರುತಿನ ಚೀಟಿ. ಐದೂ ಜನ ಒಬ್ಬೊಬ್ಬರು ಪ್ರತ್ಯೇಕ ಮಾಡಿಸಿ. ಮೇಳಗಳಲ್ಲಿ ಮಳಿಗೆ ಕೇಳುವಾಗ ಅದನ್ನೇ ಕೇಳುತ್ತಾರೆ. ಮೇಳ ಅಂದರೆ ಆನ್‌ಲೈನ್ ಅಲ್ಲವಲ್ಲ ಅನ್ನಬೇಡಿ, ನನ್ನ ವಾಟ್ಸಾಪ್ ಗಿರಾಕಿಗಳಲ್ಲಿ ಜಾಸ್ತಿ ಜನ ಮೇಳದಲ್ಲಿ ಕೈಯಲ್ಲಿ ಹಿಡಿದು ನೋಡಿದವರೇ.

ಸಣ್ಣ ಉದ್ದಿಮೆಗಳಿಗೆ ಇರುವ ಉದ್ಯಮ್ ನೋಂದಣಿಯೂ ಮಾಡಿಸಿ. ಸರಕಾರಿ ಪೋರ್ಟಲ್‌ನಲ್ಲಿ ಪೂರ್ತಿ ಉಚಿತ. ದುಡ್ಡು ಕೇಳುವ ನಕಲಿ ವೆಬ್‌ಸೈಟ್‌ಗಳು ಬಹಳ ಇವೆ, ಎಚ್ಚರ.

ಕಸೂತಿಗೆ ಜಿಐ, ಅಂದರೆ ಊರಿನ ವಿಶೇಷ ವಸ್ತುವಿಗೆ ಕೊಡುವ ಭೌಗೋಳಿಕ ಗುರುತು, ಇದೆ ನಮ್ಮ ಗೊಂಬೆಗೆ ಇದ್ದ ಹಾಗೆ. ನಿಮ್ಮದು ಕೆಎಸ್‌ಎಚ್‌ಡಿಸಿ (ರಾಜ್ಯ ಕರಕುಶಲ ಅಭಿವೃದ್ಧಿ ನಿಗಮ), ಅಂದರೆ ಕಾವೇರಿ ಎಂಪೋರಿಯಂನವರ ಹೆಸರಲ್ಲಿದೆ. ನೀವು ಅಧಿಕೃತ ಬಳಕೆದಾರರಾಗಿ ಹೆಸರು ಬರೆಸಿಕೊಂಡರೆ ಜಿಐ ಗುರುತು ಹಾಕಬಹುದು. ನಮಗೆ ಇದರಿಂದ ನೇರ ಲಾಭವೇ ಆಯಿತು. 2021ರ ಜನವರಿಯಿಂದ ಆಟಿಕೆಗೆಲ್ಲ ಬಿಐಎಸ್ ಗುಣಮಟ್ಟದ ಗುರುತು ಕಡ್ಡಾಯ ಮಾಡಿದರಲ್ಲ, ಆಗ ಕರಕುಶಲ ವಿಭಾಗದಲ್ಲಿ ಹೆಸರಿದ್ದ ಕುಶಲಕರ್ಮಿಗಳಿಗೂ ಜಿಐ ಬಳಕೆದಾರರಿಗೂ ವಿನಾಯಿತಿ ಕೊಟ್ಟರು. ಕಾಗದ ಮಾಡಿಸದೆ ಕೂತಿದ್ದವರು ಆಗ ಓಡಾಡಿದ್ದು ನೋಡಬೇಕಿತ್ತು.

ಕೂಟದವಳು

ನ್ಯೂಜೆರ್ಸಿಯಿಂದ. ಇಲ್ಲಿನ ಕನ್ನಡದ ಹೆಂಗಸರು ಕಸೂತಿ ಅಂದರೆ ಬಿದ್ದು ಕೊಳ್ಳುತ್ತಾರೆ, ಬೆಲೆಯ ಮಾತೇ ಇಲ್ಲ. ಆದರೆ ಪಾರ್ಸೆಲ್ ಮಾಡಿ ಕಳಿಸುವ ಯೋಚನೆ ಈಗಲೇ ಬೇಡ. ಮೊದಲು 800 ಡಾಲರ್ ಒಳಗಿನ ಪಾರ್ಸೆಲ್‌ಗೆ ಇಲ್ಲಿ ಸುಂಕ ಇರಲಿಲ್ಲ. 2025ರ ಆಗಸ್ಟ್ 29ರಿಂದ ಆ ರಿಯಾಯಿತಿ ತೆಗೆದುಹಾಕಿದರು. ಚಿಕ್ಕ ಪಾರ್ಸೆಲ್‌ಗೂ ಸುಂಕ, ಜೊತೆಗೆ ಕೊರಿಯರ್‌ನವರ ಚಾರ್ಜು. ಗಿರಾಕಿ ಬಾಗಿಲಲ್ಲಿ ನಿಂತು ಜಗಳ ಆಡುವ ಪರಿಸ್ಥಿತಿ.

ಸುಲಭದ ದಾರಿ: ಆರ್ಡರ್ ಇಲ್ಲಿಂದ, ಡೆಲಿವರಿ ಊರಲ್ಲಿ. ನಾವು ಡಿಸೆಂಬರ್‌ಗೋ ಬೇಸಿಗೆ ರಜೆಗೋ ಬರುತ್ತೇವೆ, ಇಲ್ಲವೇ ಯಾರದೋ ಅತ್ತೆ ಮಾವ ಇಲ್ಲಿಗೆ ಬರುತ್ತಿರುತ್ತಾರೆ. ಬೆಂಗಳೂರಿನ ಮನೆ ವಿಳಾಸಕ್ಕೆ ಕಳಿಸಿದರೆ ಸೂಟ್‌ಕೇಸಿನಲ್ಲಿ ಬರುತ್ತದೆ. "ಯಾವ ತಾರೀಖಿನೊಳಗೆ ಊರಲ್ಲಿ ಬೇಕು" ಅಂತ ಆರ್ಡರ್ ತೆಗೆದುಕೊಳ್ಳುವಾಗಲೇ ಕೇಳಿ. ನಮ್ಮೂರ ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಉಟ್ಟು ಫೋಟೊ ಹಾಕಿದರೆ ಸಾಕು, ಉಳಿದದ್ದು ತಾನೇ ಆಗುತ್ತದೆ. ಅದಕ್ಕೇ ಕೊಂಡವರ ಹತ್ತಿರ ಉಟ್ಟ ಫೋಟೊ ಕೇಳಿ ಪಡೆಯಿರಿ, ಹಾಕಲು ಒಪ್ಪಿಗೆಯನ್ನೂ ಕೇಳಿ.

ನಿದ್ದೆಗೆಟ್ಟವ

ಸರಿ, ನಾನೂ ಒಂದು ಉಪಯೋಗದ ಮಾತು ಹೇಳುತ್ತೇನೆ. ಮೋಸಗಾರರು. ನಂಬರ್ ಎಲ್ಲರಿಗೂ ಕಾಣುವಂತೆ ಹಾಕಿದ ವಾರದಲ್ಲೇ ಬರುತ್ತಾರೆ. "ನಾನು ಆರ್ಮಿಯಲ್ಲಿದ್ದೇನೆ, ಇಪ್ಪತ್ತು ಪೀಸ್ ಬೇಕು, ಮುಂಗಡ ಕಳಿಸುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ" ಅನ್ನುತ್ತಾರೆ. ಪಿನ್ ಹಾಕಿದರೆ ದುಡ್ಡು ನಿಮ್ಮ ಖಾತೆಯಿಂದಲೇ ಹೋಗುತ್ತದೆ. ದುಡ್ಡು ಬರುವುದಕ್ಕೆ ಪಿನ್ ಬೇಕಿಲ್ಲ, ಇದನ್ನು ಐದೂ ಜನಕ್ಕೆ ಕಲಿಸಿ. ಇನ್ನೊಂದು, ಪೇಮೆಂಟ್ ಆಯಿತು ಅಂತ ಸ್ಕ್ರೀನ್‌ಶಾಟ್ ಕಳಿಸುವವರು. ಸ್ಕ್ರೀನ್‌ಶಾಟ್ ನೋಡಬೇಡಿ, ಬ್ಯಾಂಕ್ ಖಾತೆ ನೋಡಿ. ಕ್ಯಾಶ್ ಆನ್ ಡೆಲಿವರಿ ಬೇಡವೇ ಬೇಡ. ಬಾಗಿಲಿಗೆ ಹೋದಾಗ ಬೇಡ ಅಂದುಬಿಡುತ್ತಾರೆ, ಹೋಗುವ ಬರುವ ಎರಡೂ ಖರ್ಚು ನಿಮ್ಮ ತಲೆ ಮೇಲೆ.

ಅರಗುಬಣ್ಣ

ನೋಡಿ, ನಿದ್ದೆಗೆಟ್ಟವರು ಚಿನ್ನದಂಥ ಮಾತು ಹೇಳಿದರು. ಪ್ಯಾಕಿಂಗ್ ಬಗ್ಗೆಯೂ ಹೇಳಿಬಿಡುತ್ತೇನೆ. ಕೊರಿಯರ್‌ನವರು ತೂಕ ಮಾತ್ರ ನೋಡುವುದಿಲ್ಲ, ಡಬ್ಬಿಯ ಗಾತ್ರವನ್ನೂ ತೂಕ ಮಾಡುತ್ತಾರೆ. ಉದ್ದ, ಅಗಲ, ಎತ್ತರ ಸೆಂಟಿಮೀಟರ್‌ನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. 30, 25, 20ರ ಡಬ್ಬಿ ಅಂದರೆ ಮೂರು ಕಿಲೊ ಲೆಕ್ಕ, ಒಳಗೆ ಅರ್ಧ ಕಿಲೊ ಗೊಂಬೆ ಇದ್ದರೂ. ನಿಮಗೆ ಆ ಕಾಟ ಇಲ್ಲ. ಬಟ್ಟೆಯನ್ನು ಚಪ್ಪಟೆಯಾಗಿ ಮಡಿಸಿ, ಒಳಗೊಂದು ಪ್ಲಾಸ್ಟಿಕ್ ಕವರ್ ಹಾಕಿ ಗಟ್ಟಿ ಲಕೋಟೆಯಲ್ಲಿ ಸ್ಪೀಡ್ ಪೋಸ್ಟ್ ಮಾಡಿ. ಹಳ್ಳಿ ಪಿನ್‌ಕೋಡಿಗೂ ಮುಟ್ಟುತ್ತದೆ. ಮಳೆಗಾಲದಲ್ಲಿ ಒಳಗಿನ ಕವರ್ ಮರೆಯಬೇಡಿ.

ಮಲ್ಲೇಶ್ವರದ ಗಿರಾಕಿ

ಒಗೆಯುವುದು ಹೇಗೆ ಅಂತ ಕನ್ನಡದಲ್ಲಿ ಒಂದು ಚೀಟಿ ಇಡಿ. ಕೆಂಪು ದಾರ ಬಣ್ಣ ಬಿಟ್ಟು ನನ್ನ ಒಂದು ಬಿಳಿ ದುಪಟ್ಟಾ ಹಾಳಾಗಿದೆ. ಯಾವ ಅಂಗಡಿ ಅಂತ ಹೇಳುವುದಿಲ್ಲ.

ಧಾರವಾಡದ ಸೂಜಿ

ಅದಕ್ಕೆ ನಾವು ಹೊಸ ಬಣ್ಣದ ಲಡಿ ತಂದಾಗ ಒಂದು ತುಂಡು ದಾರವನ್ನು ಬಿಳಿ ಒದ್ದೆ ಬಟ್ಟೆಯಲ್ಲಿ ಸುತ್ತಿ ರಾತ್ರಿ ಇಟ್ಟು ನೋಡುತ್ತೇವೆ ಮೇಡಂ. ಕಲೆ ಬಿಟ್ಟರೆ ಆ ಲಡಿ ಬಿಳಿ ಬಟ್ಟೆಗೆ ಹಾಕುವುದಿಲ್ಲ. ಚೀಟಿ ಇಡುತ್ತೇವೆ.

ಪ್ರಚಾರಕ್ಕೆ ದುಡ್ಡು ಹಾಕಬೇಕಾ? ಬೂಸ್ಟ್ ಮಾಡಿ ಅಂತ ಇನ್‌ಸ್ಟಾಗ್ರಾಂ ದಿನಾ ಕೇಳುತ್ತದೆ.

ಅರಗುಬಣ್ಣ

ಈಗಲೇ ಬೇಡ. ಮಾಲು ಹತ್ತು ಪೀಸ್ ಇಟ್ಟುಕೊಂಡು ಹತ್ತು ಸಾವಿರ ಜನರನ್ನು ಕರೆದು ಏನು ಮಾಡುತ್ತೀರಿ? ವಾಟ್ಸಾಪ್ ಬ್ರಾಡ್‌ಕಾಸ್ಟ್ ಸಾಕು, ಒಂದು ಪಟ್ಟಿಗೆ 256 ಜನ. ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ಮುಟ್ಟುವುದು. ಹಾಗಾಗಿ ಮೊದಲ ಮೆಸೇಜಿನಲ್ಲೇ ಸೇವ್ ಮಾಡಿಕೊಳ್ಳಿ ಅಂತ ಕೇಳಿ. ದಿನಾ ಗುಡ್ ಮಾರ್ನಿಂಗ್ ಕಳಿಸಿದರೆ ಬ್ಲಾಕ್ ಮಾಡುತ್ತಾರೆ, ಹೊಸ ಮಾಲು ಬಂದಾಗ ಮಾತ್ರ ಕಳಿಸಿ. ಆಷಾಢದಲ್ಲಿ ಮದುವೆ ಇಲ್ಲ, ಗಿರಾಕಿ ಕಡಿಮೆ, ಆಗ ಕೂತು ಸ್ಟಾಕ್ ಮಾಡಿ. ಶ್ರಾವಣ ಬಂದರೆ ವರಮಹಾಲಕ್ಷ್ಮಿ, ಗೌರಿ, ದಸರಾ, ದೀಪಾವಳಿ ಅಂತ ಉಸಿರಾಡಲು ಬಿಡುವುದಿಲ್ಲ. ನವೆಂಬರ್‌ನಲ್ಲಿ ರಾಜ್ಯೋತ್ಸವಕ್ಕೆ ಬೆಂಗಳೂರಿನ ಆಫೀಸುಗಳವರು ಉಡುಗೊರೆ ಹುಡುಕುತ್ತಾರೆ. ಅವರಿಗೆ ಆಗಸ್ಟ್‌ನಲ್ಲೇ ಬುಕ್‌ಮಾರ್ಕಿನ ಸ್ಯಾಂಪಲ್ ಕಳಿಸಬೇಕು, ಅಕ್ಟೋಬರ್‌ನಲ್ಲಿ ಕಳಿಸಿದರೆ ಮುಗಿಯಿತು.

ಇಳಕಲ್ ಮಗ್ಗ

ಫೋಟೊ ಕದಿಯುತ್ತಾರೆ, ಅದಕ್ಕೂ ತಯಾರಿರಿ. ನಮ್ಮ ಸೀರೆಯ ಫೋಟೊ ಹಾಕಿ ಪಾಲಿಯೆಸ್ಟರ್ ಮಾರಿದವರಿದ್ದಾರೆ. ಮೂಲೆಯಲ್ಲಿ ಹೆಸರು ಹಾಕಿದರೆ ಕತ್ತರಿಸುತ್ತಾರೆ. ಹಾಕುವವರ ಕೈ ಮತ್ತು ಸೂಜಿ ಫೋಟೊದಲ್ಲೇ ಬರುವ ಹಾಗೆ ಒಂದೆರಡು ತೆಗೆದಿಡಿ.

ಲೆಕ್ಕದಕ್ಕ

ಇನ್ನೊಂದು ವಿಷಯ ಯಾರೂ ಎತ್ತಲಿಲ್ಲ. ದುಡ್ಡು ಯಾರ ಖಾತೆಗೆ ಬರುತ್ತದೆ? ನೀವು ಐದು ಜನ. ಯುಪಿಐ ನಿಮ್ಮದು ಅಂದರೆ ಎಲ್ಲ ವಹಿವಾಟೂ ನಿಮ್ಮ ಪ್ಯಾನ್‌ನಲ್ಲಿ ಕಾಣುತ್ತದೆ, ನಿಮ್ಮದೇ ಆದಾಯ ಅನ್ನುವ ಹಾಗೆ. ಆರು ತಿಂಗಳಾದ ಮೇಲೆ "ನನ್ನ ಸೀರೆ ಎಷ್ಟಕ್ಕೆ ಹೋಯಿತು" ಅಂತ ಒಬ್ಬರು ಕೇಳುತ್ತಾರೆ, ನಿಮಗೆ ನೆನಪಿರುವುದಿಲ್ಲ, ಮನಸ್ತಾಪ ಶುರು. ಅಂಗಡಿ ಮುಚ್ಚುವುದು ಗಿರಾಕಿ ಇಲ್ಲದೆ ಅಲ್ಲ, ಹೀಗೆ. ನಾನು ನೋಡಿದ್ದೇನೆ.

ಪ್ರತಿ ಪೀಸಿಗೂ ನಂಬರ್ ಕೊಡಿ. ಯಾರು ಹಾಕಿದ್ದು, ಎಷ್ಟು ಗಂಟೆ, ಎಷ್ಟು ಮಜೂರಿ, ಎಷ್ಟಕ್ಕೆ ಹೋಯಿತು, ಒಂದೇ ಪುಸ್ತಕದಲ್ಲಿ, ಎಲ್ಲರಿಗೂ ತೆರೆದಿಡಿ. ಮಜೂರಿಯನ್ನು ಬ್ಯಾಂಕಿಗೇ ಹಾಕಿ, ಕೈಗೆ ಕೊಡಬೇಡಿ. ಪೀಸ್ ಮಾರಾಟವಾಗಲಿ ಬಿಡಲಿ ಮಜೂರಿ ಕೊಡುತ್ತೀರಾ, ಇಲ್ಲ ಮಾರಾಟವಾದ ಮೇಲೆ ಕೊಡುತ್ತೀರಾ, ಅದನ್ನು ಮೊದಲೇ ತೀರ್ಮಾನಿಸಿ ಬರೆಯಿರಿ.

ಧಾರವಾಡದ ಸೂಜಿ

ಇದು ಮುಟ್ಟಬೇಕಾದ ಕಡೆ ಮುಟ್ಟಿತು ಅಕ್ಕಾರ. ನಮ್ಮಲ್ಲಿ ಮೂವರು ಒಂದೇ ಸ್ವಸಹಾಯ ಸಂಘದಲ್ಲಿ ಇದ್ದೇವೆ, ಅದಕ್ಕೆ ಬ್ಯಾಂಕ್ ಖಾತೆಯೂ ಇದೆ. ಆದರೆ ಇನ್ನಿಬ್ಬರು ಅದರಲ್ಲಿಲ್ಲ. ಅವರನ್ನು ಸೇರಿಸಿಕೊಳ್ಳಬೇಕಾ, ಬೇರೆ ಖಾತೆ ತೆಗೆಯಬೇಕಾ?

ಲೆಕ್ಕದಕ್ಕ

ಸಂಘದ ಸಾಲ, ಉಳಿತಾಯದ ಲೆಕ್ಕದಲ್ಲಿ ವ್ಯಾಪಾರದ ದುಡ್ಡು ಬೆರೆಸಬೇಡಿ. ಸದ್ಯ ನಿಮ್ಮ ಹೆಸರಲ್ಲೇ ಬೇರೆ ಒಂದು ಕರೆಂಟ್ ಖಾತೆ ತೆಗೆಯಿರಿ, ಉಳಿದವರಿಗೆ ಪೀಸಿನ ಲೆಕ್ಕದಲ್ಲಿ ಮಜೂರಿ. ವ್ಯಾಪಾರ ನಿಂತ ಮೇಲೆ ಪಾಲುದಾರಿಕೆ ಪತ್ರ ಮಾಡಿಸಬಹುದು.

ನಿದ್ದೆಗೆಟ್ಟವ

"ವ್ಯಾಪಾರ ನಿಂತ ಮೇಲೆ" ಅಂದರೆ ಕಾಲೂರಿ ನಿಂತ ಮೇಲೆ ಅಂತ ತಾನೇ ಅಕ್ಕಾ? ಒಂದು ಕ್ಷಣ ಖುಷಿಯಾಗಿತ್ತು.

ಲೆಕ್ಕದಕ್ಕ

ನೀವು ಮಲಗಿ ಸ್ವಲ್ಪ.

ಧಾರವಾಡದ ಸೂಜಿ

ಸರಿ ರೀ, ಹಾಗೇ ಮಾಡುತ್ತೇವೆ. ಖಾತೆ, ಪುಸ್ತಕ, ಪೆಹಚಾನ್ ಕಾರ್ಡಿನ ಅರ್ಜಿ ಮೊದಲು. ಅಲ್ಲಿಯವರೆಗೆ ಬುಕ್‌ಮಾರ್ಕು, ಪೌಚು ಹಾಕಿಡುತ್ತೇವೆ. ಮಜೂರಿ ಮಾತ್ರ ಪೀಸ್ ಮುಗಿದ ದಿನವೇ ಕೊಡಬೇಕು ಅಂತ ನನ್ನ ಮನಸ್ಸು, ಮಾರಾಟಕ್ಕೆ ಕಾಯಿಸಿದರೆ ನಾವೂ ಆ ವ್ಯಾಪಾರಿಯೂ ಒಂದೇ ಆದೆವು. ಅಷ್ಟು ದುಡ್ಡು ಮುಂಚೆಯೇ ಹಾಕಲು ಆಗುತ್ತದಾ ಅಂತ ಇವತ್ತು ರಾತ್ರಿ ಕೂತು ನೋಡುತ್ತೇವೆ. ಸೀರೆ ಬೇಕಾದವರಿಗೆ ಅರ್ಧ ಮುಂಗಡ ಅಂತ ಇಟ್ಟರೆ ಬಟ್ಟೆ, ದಾರದ ಖರ್ಚಾದರೂ ಅದರಲ್ಲೇ ಹೊರಡುತ್ತದೆ.

ಮಲ್ಲೇಶ್ವರದ ಗಿರಾಕಿ

ಅರ್ಧ ಮುಂಗಡ ಕೊಡುತ್ತೇನೆ. ಆದರೆ ಯಾವಾಗ ಸಿಗುತ್ತದೆ ಅಂತ ತಾರೀಖು ಹೇಳಬೇಕು, ತಡವಾದರೆ ನಾನು ಕೇಳುವ ಮುಂಚೆ ನೀವೇ ಹೇಳಬೇಕು.

ಧಾರವಾಡದ ಸೂಜಿ

ಆಯಿತು ಮೇಡಂ. ಯಾವ ಬಣ್ಣ ಬೇಕು ಹೇಳಿ.